ನೀಲಿ ಮಾತ್ರೆ ಶಾಲೆಗೆ ಬಂತು, ಹೊಟ್ಟೆಗೆ ಹೋಯಿತಾ?

ಸರ್ಕಾರಿ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಗೆ ನೀಲಿ ಮಾತ್ರೆ, ಅಂದರೆ ರಕ್ತಹೀನತೆ ತಡೆಯಲು ಕೊಡುವ ಕಬ್ಬಿಣದ ಮಾತ್ರೆ, ಹೊಸದಲ್ಲ. ಆರನೇ ಕ್ಲಾಸಿನಿಂದ ಹನ್ನೆರಡರವರೆಗೆ ವಾರಕ್ಕೊಂದು. ಸಾಮಾನ್ಯವಾಗಿ ಸೋಮವಾರ, ಮಧ್ಯಾಹ್ನದ ಊಟ ಆದ ಮೇಲೆ. ದೇಶದಾದ್ಯಂತ ಇದು ಶುರುವಾದಾಗ ಒಂದು ಮಾತ್ರೆಯಲ್ಲಿ 100 ಮಿಲಿಗ್ರಾಂ ಕಬ್ಬಿಣ ಇತ್ತು. 2018ರಲ್ಲಿ ‘ಅನೀಮಿಯಾ ಮುಕ್ತ ಭಾರತ’ ಬಂದಾಗ ಅದನ್ನು 60ಕ್ಕೆ ಇಳಿಸಿದರು. ಜೊತೆಗೆ 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಗರ್ಭಿಣಿಯರ ಮಾತ್ರೆ ಕೆಂಪು, ಐದರಿಂದ ಒಂಬತ್ತು ವರ್ಷದ ಮಕ್ಕಳದ್ದು ಗುಲಾಬಿ. ಹೀಗೆ ಬಣ್ಣ ಬೇರೆ ಮಾಡಿದ್ದು ನನಗೆ ಬಹಳ ಹಿಡಿಸಿತು. ಹದಿನೈದರ ಹುಡುಗಿಯ ಬ್ಯಾಗಿನಲ್ಲಿ ಬಸುರಿಯರ ಕೆಂಪು ಮಾತ್ರೆ ಸಿಕ್ಕರೆ ಊರಲ್ಲಿ ಏನೇನು ಮಾತು ಹುಟ್ಟುತ್ತದೆ, ಯೋಚಿಸಿ.

ಮಾತ್ರೆ ಅಗ್ಗ, ಬೇಕಾದಷ್ಟಿದೆ, ಪುಕ್ಕಟೆ. ಆದರೂ ರಕ್ತಹೀನತೆ ಕಡಿಮೆಯಾಗಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19 ವರ್ಷದ ಹುಡುಗಿಯರಲ್ಲಿ 2015-16ರಲ್ಲಿ ಶೇ. 54.1 ಮಂದಿಗೆ ರಕ್ತಹೀನತೆ ಇತ್ತು. 2019-21ರಲ್ಲಿ ಅದು ಶೇ. 59.1 ಆಯಿತು. ಅದೇ ವಯಸ್ಸಿನ ಹುಡುಗರಲ್ಲಿ ಶೇ. 31.1. ಈ ಲೆಕ್ಕದ ಮೇಲೆ ತಕರಾರೂ ಇದೆ. 2016-18ರಲ್ಲಿ ಕೇಂದ್ರ ಸರ್ಕಾರವೇ ನಡೆಸಿದ ಇನ್ನೊಂದು ಪೌಷ್ಟಿಕತೆ ಸಮೀಕ್ಷೆ 10ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 40, ಹುಡುಗರಲ್ಲಿ ಶೇ. 18 ಎಂದಿತು. ವಯಸ್ಸಿನ ಗುಂಪು ಬೇರೆ ಅನ್ನುವುದು ಒಂದು ಕಾರಣ. ಇನ್ನೊಂದು, ಮೊದಲನೆಯದರಲ್ಲಿ ಬೆರಳು ಚುಚ್ಚಿ ರಕ್ತದ ಹನಿ ತೆಗೆದರು, ಎರಡನೆಯದರಲ್ಲಿ ಕೈಯ ನರದಿಂದ ರಕ್ತ ತೆಗೆದರು. ಬೆರಳನ್ನು ಜೋರಾಗಿ ಹಿಂಡಿದರೆ ಅಂಗಾಂಶದ ನೀರು ಬೆರೆತು ಹಿಮೋಗ್ಲೋಬಿನ್ ಅಳತೆಯೇ ತಪ್ಪಬಹುದು. ಏನೇ ಇರಲಿ, ಕಡಿಮೆ ಅಂದರೂ ಹತ್ತು ಹುಡುಗಿಯರಲ್ಲಿ ನಾಲ್ವರು. ಇದೇನು ಸಣ್ಣ ಸಂಖ್ಯೆಯಲ್ಲ.

ಈ ವಯಸ್ಸಿಗೇ ಯಾಕೆ ಇಷ್ಟು ಕಬ್ಬಿಣ ಬೇಕು? ಮಗು ಎತ್ತರ ಬೆಳೆಯುವಾಗ ಮೈಯಲ್ಲಿ ರಕ್ತವೂ ಹೆಚ್ಚಬೇಕು. ಹುಡುಗಿಯರಿಗೆ ಅದೇ ಹೊತ್ತಿಗೆ ಮುಟ್ಟು ಶುರುವಾಗುತ್ತದೆ. ಒಂದು ಮುಟ್ಟಿನಲ್ಲಿ 30ರಿಂದ 40 ಮಿಲಿಲೀಟರ್ ರಕ್ತ ಹೋದರೆ ಹತ್ತು ಹದಿನೈದು ಮಿಲಿಗ್ರಾಂ ಕಬ್ಬಿಣ ಹೋದ ಹಾಗೆ. ನಾವು ದಿನಕ್ಕೆ ಊಟದಿಂದ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ.

ಹೀರಿಕೊಳ್ಳುವ ವಿಷಯದಲ್ಲೇ ಒಂದು ಸ್ವಾರಸ್ಯ ಇದೆ. ಹೆಚ್ಚಾದ ಕಬ್ಬಿಣವನ್ನು ಹೊರಗೆ ಹಾಕಲು ನಮ್ಮ ದೇಹಕ್ಕೆ ದಾರಿಯೇ ಇಲ್ಲ. ಹಾಗಾಗಿ ಒಳಗೆ ಬರುವ ಬಾಗಿಲಲ್ಲೇ ಕಾವಲು. ಆ ಕಾವಲುಗಾರ ಪಿತ್ತಜನಕಾಂಗ ತಯಾರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು. ಒಮ್ಮೆ ಜಾಸ್ತಿ ಕಬ್ಬಿಣ ಬಂತೆಂದರೆ ಹೆಪ್ಸಿಡಿನ್ ಏರುತ್ತದೆ, ಕರುಳಿನ ಬಾಗಿಲು ಮುಚ್ಚುತ್ತದೆ. ಸುಮಾರು ಒಂದು ದಿನ ಮುಚ್ಚಿಯೇ ಇರುತ್ತದೆ. ಜ್ಯೂರಿಕ್‌ನ ಸಂಶೋಧಕರು ಕಬ್ಬಿಣ ಕಡಿಮೆಯಿದ್ದ ಯುವತಿಯರಿಗೆ ಒಂದು ಗುಂಪಿಗೆ ದಿನಾ, ಇನ್ನೊಂದಕ್ಕೆ ದಿನ ಬಿಟ್ಟು ದಿನ ಮಾತ್ರೆ ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ: ದಿನಾ ನುಂಗಿದವರು ಹೀರಿಕೊಂಡದ್ದು ಸುಮಾರು ಶೇ. 16, ದಿನ ಬಿಟ್ಟು ದಿನ ನುಂಗಿದವರು ಸುಮಾರು ಶೇ. 22. ವಾರಕ್ಕೊಂದು ಎಂಬ ನಮ್ಮ ಶಾಲೆಯ ಪದ್ಧತಿ ಇದಕ್ಕಿಂತ ಹಳೆಯದು. ಅದನ್ನು ಆರಿಸಿಕೊಂಡಿದ್ದಕ್ಕೆ ಹೊಟ್ಟೆ ತೊಳಸುವುದು ಕಡಿಮೆ, ಶಾಲೆಯಲ್ಲಿ ಕೊಡುವುದು ಸುಲಭ ಅನ್ನುವ ಕಾರಣವೂ ಇತ್ತು. ಆದರೆ ಒಂದು ಸೋಮವಾರ ತಪ್ಪಿದರೆ ಆ ವಾರದ ಕಬ್ಬಿಣ ಪೂರ್ತಿ ತಪ್ಪಿತು ಅಂತಲೇ ಅರ್ಥ.

ಸೋಮವಾರಗಳು ತಪ್ಪುತ್ತಲೇ ಇರುತ್ತವೆ. ವರ್ಷಕ್ಕೆ 52 ಮಾತ್ರೆ ಅನ್ನುವುದು ಕಾಗದದ ಲೆಕ್ಕ. ಏಪ್ರಿಲ್-ಮೇ ಬೇಸಿಗೆ ರಜೆ, ದಸರಾ ರಜೆ, ಸೋಮವಾರವೇ ಬಿದ್ದ ಹಬ್ಬ, ಊರ ಜಾತ್ರೆ, ಪರೀಕ್ಷೆ, ಮಳೆ ಜೋರಾಗಿ ಕೊಟ್ಟ ರಜೆ. ಇವಿಷ್ಟನ್ನೂ ಕಳೆದು ನೋಡಿ. ರಜೆಗೆ ಹೋಗುವಾಗ ಮನೆಗೆ ಮಾತ್ರೆ ಕೊಟ್ಟು ಕಳಿಸಬೇಕೆಂದು ನಿಯಮ ಇದೆ. ಆದರೆ ಆ ಹೊತ್ತಿಗೆ ತಾಲ್ಲೂಕಿನಿಂದ ಪಿಎಚ್‌ಸಿಗೆ, ಪಿಎಚ್‌ಸಿಯಿಂದ ಶಾಲೆಗೆ ಸ್ಟಾಕ್ ಬಂದಿರಬೇಕಲ್ಲ. ಸೋಮವಾರ ರಜೆಯಾದರೆ ಮಂಗಳವಾರ ಕೊಡುವುದಕ್ಕೆ ಬೆಂಗಳೂರಿನ ಆದೇಶ ಯಾಕೆ ಕಾಯಬೇಕು? ಹೆಡ್‌ಮಾಸ್ಟರ್ ಮತ್ತು ಶಾಲೆಯ ಅಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಕೂತು ಊರಿನ ರಜೆ ನೋಡಿಕೊಂಡು ವರ್ಷದ ದಿನಗಳನ್ನು ಮೊದಲೇ ಗುರುತು ಹಾಕಿಕೊಳ್ಳಬಹುದು. ಆರೋಗ್ಯ ಯೋಜನೆಗಳನ್ನು ‘ಸ್ಥಳೀಯವಾಗಿ ಬಲಪಡಿಸುವುದು’ ಎಂಬ ದೊಡ್ಡ ಮಾತಿಗೆ ನನ್ನ ಪ್ರಕಾರ ಮೊದಲ ಅರ್ಥ ಇಷ್ಟೇ.

ಎರಡನೆಯದು ಮಾತ್ರೆ ಕೊಡುವ ಹೊತ್ತಿನ ವಿಷಯ. ಕರ್ನಾಟಕದ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಇದೆ. ಈಗ ಕೆಲವು ದಿನ ಅದಕ್ಕೆ ರಾಗಿ ಮಾಲ್ಟ್ ಬೆರೆಸುತ್ತಾರೆ. ಎರಡೂ ಮಕ್ಕಳಿಗೆ ಒಳ್ಳೆಯದೇ. ಆದರೆ ಹಾಲಿನ ಕ್ಯಾಲ್ಸಿಯಂ, ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಎರಡೂ ಕಬ್ಬಿಣಕ್ಕೆ ಅಡ್ಡ ಬರುತ್ತವೆ. ಊಟದ ಹೊತ್ತಿನ ಗಲಾಟೆ ಬೇಡ ಅಂತ ಬೆಳಗ್ಗೆ ಹಾಲಿನ ಜೊತೆಗೇ ಮಾತ್ರೆ ಹಂಚಿಬಿಟ್ಟರೆ ರಿಜಿಸ್ಟರ್‌ನಲ್ಲಿ ವ್ಯತ್ಯಾಸ ಕಾಣುವುದಿಲ್ಲ, ರಕ್ತದಲ್ಲಿ ಕಾಣುತ್ತದೆ. ಊಟದ ಮೇಲೆ ಕೊಡುವುದೇ ಸರಿ. ತಟ್ಟೆಯಲ್ಲಿ ಒಂದಿಷ್ಟು ನಿಂಬೆ ಹಿಂಡಿದ್ದು ಇದ್ದರೆ ಇನ್ನೂ ಒಳ್ಳೆಯದು, ಅದರ ವಿಟಮಿನ್ ಸಿ ಕಬ್ಬಿಣಕ್ಕೆ ದಾರಿ ಮಾಡಿಕೊಡುತ್ತದೆ. ಚಹಾ, ಕಾಫಿ ಒಂದೆರಡು ಗಂಟೆ ತಡವಾಗಲಿ. ಇದನ್ನು ಅಡುಗೆಯವರಿಗೆ ಯಾರಾದರೂ ಹೇಳಿದ್ದಾರಾ? ಬಹಳ ಕಡೆ ತರಬೇತಿ ಟೀಚರ್‌ವರೆಗೆ ಬಂದು ನಿಲ್ಲುತ್ತದೆ.

ಇನ್ನು ಭಯ. ಮಾತ್ರೆ ನುಂಗಿದ ಮೇಲೆ ಕಕ್ಕಸ್ಸು ಕಪ್ಪಗಾಗುತ್ತದೆ. ಹೀರಿಕೊಳ್ಳದೆ ಉಳಿದ ಕಬ್ಬಿಣ ಹೊರಗೆ ಹೋಗುವುದರ ಗುರುತು ಅದು, ಅಪಾಯ ಏನಿಲ್ಲ. ಆದರೆ ಮೊದಲೇ ಹೇಳದಿದ್ದರೆ ಮಗು ಹೆದರುತ್ತದೆ, ತಾಯಿ ಹೆದರುತ್ತಾರೆ. ‘ಉಷ್ಣ ಆಗುತ್ತದೆ’ ಅನ್ನುವ ಮಾತು ಮನೆಮನೆಗೆ ಹಬ್ಬುತ್ತದೆ. ಮುಂದಿನ ವಾರ ಮಾತ್ರೆ ಕಿಟಕಿಯಾಚೆ ಹೋಗುತ್ತದೆ. ಟೀಚರ್ ಕೂಡ ಮಕ್ಕಳ ಎದುರು ಒಂದು ಮಾತ್ರೆ ನುಂಗಲಿ ಎಂದು ಕೇಂದ್ರದ ಮಾರ್ಗಸೂಚಿಯೇ ಹೇಳುತ್ತದೆ. ಇಡೀ ಮಾರ್ಗಸೂಚಿಯಲ್ಲಿ ನನಗೆ ಬಹಳ ಬುದ್ಧಿವಂತಿಕೆಯದು ಅನಿಸಿದ ಸಾಲು ಇದು. ಮಿಸ್ಸೇ ನುಂಗಿದರು ಅಂದಮೇಲೆ ಅರ್ಧ ಭಯ ಹೋಯಿತು.

ಹೊಟ್ಟೆಹುಳದ ಕಥೆಯೂ ಇದಕ್ಕೆ ಸೇರಿದ್ದೇ. ಕೊಕ್ಕೆಹುಳ ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಅಂಟುವುದು ಜಾಸ್ತಿ, ಯಾಕೆಂದರೆ ಅದು ಒಳಗೆ ಹೋಗುವುದೇ ಪಾದದ ಚರ್ಮದಿಂದ. ಫೆಬ್ರವರಿ 10, ಆಗಸ್ಟ್ 10ರಂದು ಕೊಡುವ ಅಲ್ಬೆಂಡಜೋಲ್ ಮಾತ್ರೆ ಇದಕ್ಕೇ. ಸರ್ಕಾರಿ ಶಾಲೆಯಲ್ಲಿ ಕೊಡುವ ಶೂ ಕೂಡ ಒಂದರ್ಥದಲ್ಲಿ ಔಷಧಿಯೇ.

ಎಲ್ಲಕ್ಕಿಂತ ದೊಡ್ಡ ಗೊಂದಲ ಇನ್ನೊಂದಿದೆ. ವಾರದ ಮಾತ್ರೆ ರಕ್ತಹೀನತೆ ಬಾರದಂತೆ ತಡೆಯಲು, ಬಂದದ್ದನ್ನು ವಾಸಿ ಮಾಡಲು ಅಲ್ಲ. ಹುಡುಗಿಯ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ, ಹದಿನೈದು ದಾಟಿದ ಹುಡುಗನದ್ದು 13ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಸಾಧಾರಣ ಮಟ್ಟದ್ದಾದರೆ ದಿನಕ್ಕೆ ಎರಡು ಮಾತ್ರೆ, ಮೂರು ತಿಂಗಳು, ಆಮೇಲೆ ಮತ್ತೆ ಪರೀಕ್ಷೆ. ಹಾಗಾದರೆ ಅಳೆಯುವವರು ಯಾರು? ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ಆರ್‌ಬಿಎಸ್‌ಕೆಯ ವೈದ್ಯರ ತಂಡ ಶಾಲೆಗೆ ಬರುವುದು ವರ್ಷಕ್ಕೊಮ್ಮೆ. ಅವರು ಚೀಟಿ ಬರೆದು ಪಿಎಚ್‌ಸಿಗೆ ಹೋಗಿ ಅನ್ನುತ್ತಾರೆ. ಪಿಎಚ್‌ಸಿ ತೆರೆದಿರುವ ಹೊತ್ತೂ ಶಾಲೆಯ ಹೊತ್ತೂ ಒಂದೇ. ಮಗಳನ್ನು ಕರೆದುಕೊಂಡು ಹೋಗಬೇಕಾದರೆ ತಾಯಿಯ ಒಂದು ದಿನದ ಕೂಲಿ ಹೋಯಿತು. ಚೀಟಿ ಪುಸ್ತಕದ ಮಧ್ಯೆಯೇ ಉಳಿಯುತ್ತದೆ. ಊರಿನ ಉಪಕೇಂದ್ರದ ಸಿಸ್ಟರ್ ತಿಂಗಳಿಗೊಂದು ಮಧ್ಯಾಹ್ನ ಅಳತೆಯ ಯಂತ್ರ ಹಿಡಿದು ಶಾಲೆಗೇ ಬಂದರೆ ಈ ಗೋಳೇ ಇಲ್ಲ. ಆದರೆ ಅವರ ಮೇಲೆ ಆಗಲೇ ಲಸಿಕೆ, ಬಾಣಂತಿ, ಸರ್ವೆ, ಆ್ಯಪ್ ತುಂಬುವುದು ಎಲ್ಲ ಇದೆ. ಹೊಸ ಯೋಜನೆ ಘೋಷಿಸುವ ಬದಲು ಇರುವ ಸಿಸ್ಟರ್‌ಗೆ ಆ ಒಂದು ಮಧ್ಯಾಹ್ನ ಬಿಡಿಸಿಕೊಟ್ಟರೆ ಸಾಕು ಅಂತ ನನಗನಿಸುತ್ತದೆ.

ಸ್ನೇಹ ಕ್ಲಿನಿಕ್‌ಗಳದ್ದೂ ಇದೇ ಪಾಡು. 2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಪೌಷ್ಟಿಕತೆ ಮಾತ್ರ ಅಲ್ಲ, ಮಾನಸಿಕ ಆರೋಗ್ಯ, ಮಾದಕ ವಸ್ತು, ಮುಟ್ಟು, ಹಿಂಸೆ ಎಲ್ಲವೂ ಸೇರಿವೆ. ಆಪ್ತ ಸಮಾಲೋಚನೆಗೆಂದೇ ನಮ್ಮ ರಾಜ್ಯದಲ್ಲಿ ಸ್ನೇಹ ಕ್ಲಿನಿಕ್ ಹೆಸರಿನ ಕೊಠಡಿಗಳಿವೆ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ. ಆದರೆ ಆಸ್ಪತ್ರೆಯ ಓಪಿಡಿ ಸಾಲಿನಲ್ಲಿ ಪಕ್ಕದ ಮನೆ ಆಂಟಿ ಕೂತಿದ್ದರೆ ಆ ಬಾಗಿಲು ತಟ್ಟುವ ಧೈರ್ಯ ಯಾರಿಗಿದೆ?

ಈಗ ಪಿಯುಸಿಗೆ ಬನ್ನಿ. ನಮ್ಮಲ್ಲಿ ಬಿಸಿಯೂಟ ಹತ್ತನೇ ಕ್ಲಾಸಿಗೆ ಮುಗಿಯುತ್ತದೆ. ಪಿಯು ಹುಡುಗಿ ಬೆಳಗ್ಗೆ ಬಸ್ ಹಿಡಿಯುವ ಅವಸರದಲ್ಲಿ ತಿಂಡಿ ಬಿಟ್ಟು ಬಂದಿರುತ್ತಾಳೆ. ಖಾಲಿ ಹೊಟ್ಟೆಗೆ ಮಾತ್ರೆ ಬಿದ್ದರೆ ವಾಕರಿಕೆ ಬರುತ್ತದೆ, ಎರಡನೇ ವಾರ ಆಕೆ ಬೇಡ ಅನ್ನುತ್ತಾಳೆ. ಅದು ಆಕೆಯ ತಪ್ಪಲ್ಲ. ಕಾಲೇಜಿನಲ್ಲಿ ಕೊಡಲೇಬೇಕೆಂದರೆ ಡಬ್ಬಿ ಬಿಚ್ಚುವ ಹೊತ್ತಿಗೆ ಕೊಡಬೇಕು, ಮೊದಲ ಪೀರಿಯಡ್‌ಗೆ ಅಲ್ಲ.

ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ ಮಾತ್ರೆ ಸಿಗುತ್ತದೆ. ಶಾಲೆ ಬಿಟ್ಟು ಗ್ಯಾರೇಜಿಗೋ ಗಾರೆ ಕೆಲಸಕ್ಕೋ ಹೋದ ಹುಡುಗನನ್ನು ಈ ವಾರದ ಮಾತ್ರೆಯ ಯೋಜನೆ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅಂಥ ಹುಡುಗ ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದರೆ, ಕಣ್ಣಿನ ಕೆಳರೆಪ್ಪೆಯ ಒಳಗೆ ಬಿಳಿಚಿಕೊಂಡಿದ್ದರೆ, ಹತ್ತಿರದ ಪಿಎಚ್‌ಸಿಗೆ ಕರೆದೊಯ್ದು ಹಿಮೋಗ್ಲೋಬಿನ್ ನೋಡಿಸಿ. ಕಡಿಮೆ ಬಂದರೆ ಮಾತ್ರೆಯ ಜೊತೆಗೆ ಜಂತುಹುಳದ ಔಷಧಿಯನ್ನೂ ಕೇಳಿ. ಮೂರು ತಿಂಗಳಾದ ಮೇಲೆ ಮತ್ತೆ ಅಳತೆ ಮಾಡಿಸಲು ಮರೆಯಬೇಡಿ. ಆಗಲೂ ಏರದಿದ್ದರೆ ಕೊರತೆ ಕಬ್ಬಿಣದ್ದೇ ಆಗಿರಬೇಕೆಂದಿಲ್ಲ. ವಿಟಮಿನ್ ಬಿ12 ಕೊರತೆ, ಥಲಸ್ಸೀಮಿಯಾ ಎಂಬ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ, ಬಹಳ ದಿನದಿಂದ ಇರುವ ಸೋಂಕು ಏನಾದರೂ ಇರಬಹುದು, ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ತೋರಿಸಬೇಕಾಗುತ್ತದೆ.