ಸಿಇಟಿ ಮತ್ತು ನೀಟ್: ಬಿಡಿಸುವ ವೇಗ, ಕೂರುವ ತ್ರಾಣ

ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳಲ್ಲಿ ಹಲವರು ಬರೆಯುವ ಈ ಎರಡು ಪರೀಕ್ಷೆಗಳಲ್ಲಿ ಸಮಯದ ಲೆಕ್ಕ ಒಂದೇ ಬಗೆಯದಲ್ಲ. ಎಂಜಿನಿಯರಿಂಗ್ ಮೊದಲಾದ ಕೋರ್ಸುಗಳ ಪ್ರವೇಶಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆಗಳೂ 80 ನಿಮಿಷಗಳೂ ಇರುತ್ತವೆ. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ. ವೈದ್ಯಕೀಯ ಪ್ರವೇಶದ 2025ರ ನೀಟ್‌ನಲ್ಲಿ 180 ಪ್ರಶ್ನೆಗಳಿಗೆ 180 ನಿಮಿಷವಿದ್ದು, ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕದ ಕಡಿತವಿತ್ತು. 2022ರಿಂದ 2024ರವರೆಗೆ ಅಷ್ಟೇ ಉತ್ತರಗಳಿಗೆ 200 ನಿಮಿಷ ದೊರೆಯುತ್ತಿದ್ದುದರಿಂದ, ಆ ವರ್ಷಗಳ ಪತ್ರಿಕೆಗಳನ್ನು ಹಳೆಯ ಅವಧಿಯಲ್ಲೇ ಬಿಡಿಸಿ ಅಭ್ಯಾಸ ಮಾಡಿದರೆ ನಮ್ಮ ವೇಗದ ಬಗ್ಗೆ ತಪ್ಪು ಅಂದಾಜು ಮೂಡುತ್ತದೆ.

ವೇಗ ಕುಂಠಿತವಾಗುವುದು ಕೈ ನಿಧಾನವಾಗಿರುವುದರಿಂದ ಎನ್ನುವುದಕ್ಕಿಂತ, ಬಿಡಬೇಕಾದ ಪ್ರಶ್ನೆಯನ್ನು ಬಿಡದೆ ಹಿಡಿದು ಕೂರುವುದರಿಂದ ಎಂಬುದು ನನ್ನ ಅಭಿಪ್ರಾಯ. ಭೌತಶಾಸ್ತ್ರದ ಒಂದು ಲೆಕ್ಕಕ್ಕೆ ನಾಲ್ಕು ನಿಮಿಷ ಕೊಟ್ಟವರು, ನೇರ ನೆನಪಿನಿಂದಲೇ ಉತ್ತರಿಸಬಹುದಾಗಿದ್ದ ಜೀವಶಾಸ್ತ್ರದ ಆರೇಳು ಪ್ರಶ್ನೆಗಳ ಸಮಯವನ್ನು ಅದಕ್ಕೆ ಸುರಿದಿರುತ್ತಾರೆ. ಅಂಕ ಮಾತ್ರ ಎರಡಕ್ಕೂ ಸಮಾನ. ಆದ್ದರಿಂದ ಪತ್ರಿಕೆಯನ್ನು ಎರಡು ಸುತ್ತುಗಳಲ್ಲಿ ಬಿಡಿಸುವುದು ಒಳ್ಳೆಯದು. ಮೊದಲ ಸುತ್ತಿನಲ್ಲಿ, ಓದಿ ಮುಗಿಸುವಷ್ಟರಲ್ಲಿ ದಾರಿ ಹೊಳೆಯದ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗಬೇಕು. ನೀಟ್‌ನಲ್ಲಿ ಜೀವಶಾಸ್ತ್ರದ 90 ಪ್ರಶ್ನೆಗಳಿಗೆ 50 ನಿಮಿಷ, ರಸಾಯನಶಾಸ್ತ್ರದ 45ಕ್ಕೆ 50, ಭೌತಶಾಸ್ತ್ರದ 45ಕ್ಕೆ 60 ಎಂದು ಹಂಚಿಕೊಂಡರೆ, ಗುರುತು ಹಾಕಿದವುಗಳಿಗೆ 20 ನಿಮಿಷ ಉಳಿಯುತ್ತದೆ.

ಎರಡೂ ಪರೀಕ್ಷೆಗಳಲ್ಲಿ ಕ್ಯಾಲ್ಕುಲೇಟರ್ ಬಳಸುವಂತಿಲ್ಲ. ಹಾಗಾಗಿ ಲೆಕ್ಕ ಆರಂಭಿಸುವ ಮೊದಲು ನಾಲ್ಕು ಆಯ್ಕೆಗಳ ಮೇಲೆ ಕಣ್ಣಾಡಿಸುವುದು ಅಗತ್ಯ. ಆಯ್ಕೆಗಳು ಒಂದಕ್ಕೊಂದು ಹತ್ತು ಪಟ್ಟು ದೂರವಿದ್ದರೆ π² ಅನ್ನು 10 ಎಂದೂ, ಗುರುತ್ವದ 9.8 ಅನ್ನು 10 ಎಂದೂ ತೆಗೆದುಕೊಂಡು ಮುಗಿಸಬಹುದು. ಹತ್ತಿರವಿದ್ದರೆ ಮಾತ್ರ ದಶಮಾಂಶದ ಗೊಡವೆಗೆ ಹೋಗಬೇಕು. ಆಯ್ಕೆಗಳು ಸೂತ್ರದ ರೂಪದಲ್ಲಿದ್ದಾಗ, ಆಯಾಮ (ಉದ್ದ, ರಾಶಿ, ಕಾಲಗಳ ಲೆಕ್ಕ) ಹೊಂದದ ಒಂದೆರಡನ್ನು ಲೆಕ್ಕ ಮಾಡದೆಯೇ ತೆಗೆದುಹಾಕಲು ಸಾಧ್ಯ.

ಊಹೆಯ ವಿಷಯದಲ್ಲಿಯೂ ಮೊದಲೇ ನಿಯಮ ಮಾಡಿಕೊಂಡಿರಬೇಕು, ಏಕೆಂದರೆ ಪರೀಕ್ಷಾ ಕೊಠಡಿಯಲ್ಲಿ ಹಿಂದೆಮುಂದೆ ನೋಡುವುದೂ ಸಮಯ ತಿನ್ನುತ್ತದೆ. ಸಿಇಟಿಯಲ್ಲಿ ತಪ್ಪಿಗೆ ಕಡಿತವಿಲ್ಲದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಕಣ್ಣು ಮುಚ್ಚಿ ಊಹಿಸಿದರೆ ಸರಾಸರಿ ಲಾಭ ಕಾಲು ಅಂಕವಷ್ಟೇ. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಿದ ಮೇಲೆ ಅದು ಒಂದೂವರೆ ಅಂಕವಾಗುತ್ತದೆ. ನಾನಾದರೆ ಎರಡನ್ನು ತಳ್ಳಿಹಾಕಲಾಗದ ಪ್ರಶ್ನೆಯನ್ನು ಮುಟ್ಟುವುದಿಲ್ಲ.

ಉತ್ತರದ ವೃತ್ತಗಳಿರುವ ಒಎಂಆರ್ ಹಾಳೆಯನ್ನು ಕೊನೆಗೆ ಒಟ್ಟಿಗೆ ತುಂಬುವ ಅಭ್ಯಾಸ ಅಪಾಯಕಾರಿ. ಬಾಲ್‌ಪಾಯಿಂಟ್ ಪೆನ್ನಿನಿಂದ ತುಂಬಿದ ವೃತ್ತವನ್ನು ಅಳಿಸಲಾಗದು, ಗಡಿಬಿಡಿಯಲ್ಲಿ ಒಂದು ಸಾಲು ಜಾರಿದರೆ ಅದರ ಕೆಳಗಿನವೆಲ್ಲವೂ ಜಾರುತ್ತವೆ. ಪುಟ ಮುಗಿದಂತೆ ಆ ಪುಟದ ಉತ್ತರಗಳನ್ನು ತುಂಬುವುದು ಮಧ್ಯಮ ಮಾರ್ಗ. ಮನೆಯ ಅಭ್ಯಾಸದಲ್ಲೂ ಮುದ್ರಿತ ಹಾಳೆಯನ್ನೇ ಬಳಸದಿದ್ದರೆ ಈ ಕೆಲಸಕ್ಕೆ ತಗಲುವ ಸಮಯ ಲೆಕ್ಕಕ್ಕೆ ಸಿಗುವುದೇ ಇಲ್ಲ. ಕನ್ನಡದಲ್ಲಿ ನೀಟ್ ಬರೆಯುವವರಿಗೆ ಕನ್ನಡ, ಇಂಗ್ಲಿಷ್ ಎರಡೂ ಇರುವ ಪುಸ್ತಿಕೆ ದೊರೆಯುತ್ತದೆ. ಪ್ರತಿ ಪ್ರಶ್ನೆಯನ್ನೂ ಎರಡು ಸಲ ಓದುವಷ್ಟು ಬಿಡುವು ಇಲ್ಲದ ಕಾರಣ, ಒಂದು ಭಾಷೆಯಲ್ಲಿ ಓದಿ, ಸಂದೇಹವಿದ್ದಲ್ಲಿ ಮಾತ್ರ ಇನ್ನೊಂದನ್ನು ನೋಡುವುದು ಲೇಸು.

ತ್ರಾಣದ ಪ್ರಶ್ನೆ ಬೇರೆ. 2025ರ ನೀಟ್ ನಡೆದದ್ದು ಮೇ ತಿಂಗಳ ಬಿಸಿಲಿನಲ್ಲಿ, ಮಧ್ಯಾಹ್ನ 2ರಿಂದ 5ರವರೆಗೆ. ಊಟದ ನಂತರ ಕಣ್ಣು ಎಳೆಯುವ ಹೊತ್ತು ಅದೇ. ನಸುಕಿನಲ್ಲೆದ್ದು ಮಾಕ್ ಟೆಸ್ಟ್ ಬರೆದವರಿಗೆ ಆ ಹೊತ್ತಿನ ಮಂಪರಿನ ಪರಿಚಯವಿರುವುದಿಲ್ಲ. ಮೊದಲು ಒಂದು ಗಂಟೆ, ಅನಂತರ ಒಂದೂವರೆ, ಎರಡು, ಕೊನೆಗೆ ಪೂರ್ತಿ ಮೂರು ಗಂಟೆ ಎಂದು, ಅದೇ ಹೊತ್ತಿಗೆ, ಎದ್ದು ಓಡಾಡದೆ, ಮೊಬೈಲ್ ಮುಟ್ಟದೆ ಕೂರುವುದನ್ನು ವಾರಗಳ ಮೇಲೆ ಬೆಳೆಸಿಕೊಳ್ಳಬೇಕು. ಪ್ರತಿ ಮಾಕ್ ಟೆಸ್ಟಿನ ನಂತರ ಒಟ್ಟು ಅಂಕಕ್ಕಿಂತ, ಗೊತ್ತಿದ್ದೂ ತಪ್ಪಿದ ಪ್ರಶ್ನೆಗಳು ಯಾವ ಗಂಟೆಯಲ್ಲಿ ಬಿದ್ದಿವೆ ಎಂಬುದನ್ನು ನೋಡಬೇಕು. ಅವು ಮೂರನೆಯ ಗಂಟೆಯಲ್ಲಿ ಗುಂಪುಗೂಡಿದ್ದರೆ, ಇನ್ನಷ್ಟು ಪಾಠ ಓದಿ ಪ್ರಯೋಜನವಿಲ್ಲ. ನಿದ್ರೆ, ಊಟ ಮತ್ತು ವಿಷಯಗಳ ಕ್ರಮವನ್ನು ಬದಲಿಸಿ ನೋಡಬೇಕು.

ಸಿಇಟಿಯ ದಣಿವು ಬೇರೆ ರೀತಿಯದು. ಬೆಳಿಗ್ಗೆಯ ಪತ್ರಿಕೆ 11.50ಕ್ಕೆ ಮುಗಿದು ಮಧ್ಯಾಹ್ನದ್ದು 2.30ಕ್ಕೆ ಆರಂಭವಾಗುವ ನಡುವೆ ಗೆಳೆಯರೊಡನೆ ಉತ್ತರ ತಾಳೆ ನೋಡುತ್ತ ನಿಂತರೆ ಎರಡನೆಯ ಪತ್ರಿಕೆಗೆ ಬೇಕಾದ ಶಕ್ತಿ ಅಲ್ಲಿಯೇ ಖರ್ಚಾಗುತ್ತದೆ. ಹಗುರವಾಗಿ ಊಟ ಮಾಡಿ, ಮುಂದಿನ ವಿಷಯದ ಸೂತ್ರಗಳ ಹಾಳೆಯನ್ನು ಒಮ್ಮೆ ತಿರುವಿ, ನೆರಳಿನಲ್ಲಿ ಸುಮ್ಮನೆ ಕುಳಿತಿರುವುದೇ ಆ ಹೊತ್ತಿಗೆ ತಕ್ಕ ತಯಾರಿ.