ಸ್ಪಂಜು ಕುಡಿದ ಗಾಳಿ ಎಷ್ಟು?

ಕಾರವಾರದ ಬೈತಖೋಲ್ ಬಂದರಿನ ಬಳಿ ಪ್ಯಾಸಿವ್ ಏರ್ ಸ್ಯಾಂಪ್ಲರ್, ಅಂದರೆ ಗಾಳಿಯಲ್ಲಿರುವ ವಿಷವಸ್ತುಗಳನ್ನು ತಾನಾಗಿ ಹಿಡಿದಿಡುವ ಸಾಧನ, ತೂಗುಹಾಕಿದರೆ, ನೋಡುವವರಿಗೆ ಅದು ಮುಖಾಮುಖಿ ಕೂಡಿಸಿದ ಎರಡು ಸ್ಟೀಲ್ ಬೋಗುಣಿ, ಅಷ್ಟೆ. ಒಳಗೆ 14 ಸೆಂ.ಮೀ. ಅಗಲ, 1.35 ಸೆಂ.ಮೀ. ದಪ್ಪದ ಪಾಲಿಯುರಿಥೇನ್ ಫೋಮಿನ ಬಿಲ್ಲೆ. ಪಂಪಿಲ್ಲ, ಕರೆಂಟ್ ಬೇಡ. ಬೋಟಿನ ಡೀಸೆಲ್ ಹೊಗೆ, ಕಸ ಸುಟ್ಟ ಹೊಗೆಗಳಲ್ಲಿರುವ ಪಿಎಎಚ್ ಎಂಬ ವಿಷವಸ್ತುಗಳು ತಾವಾಗಿ ಬಂದು ಫೋಮಿಗೆ ಅಂಟುತ್ತವೆ. ತಿಂಗಳ ನಂತರ ಬಿಲ್ಲೆಯಲ್ಲಿ ಇಷ್ಟು ನ್ಯಾನೋಗ್ರಾಂ ಇದೆ ಎಂದು ಲ್ಯಾಬ್ ಹೇಳುತ್ತದೆ. ಎಷ್ಟು ಘನಮೀಟರ್ ಗಾಳಿಯಿಂದ ಅದು ಬಂತು? ಇದನ್ನು ಕಂಡುಕೊಳ್ಳುವುದೇ ಕ್ಯಾಲಿಬ್ರೇಶನ್.

ಬಿಲ್ಲೆ ದಿನಕ್ಕೆ ಸುಮಾರು 4 ಘನಮೀಟರ್ ಗಾಳಿಯಿಂದ ಹೀರುತ್ತದೆ ಎಂದು ಹಿಡಿಯುವ ರೂಢಿಯಿದೆ. ಕರಾವಳಿಯಲ್ಲಿ ಆ ಅಂಕಿಯನ್ನು ಕಣ್ಣುಮುಚ್ಚಿ ಹಾಕಬಾರದು. ಫೋಮಿನ ಮೈಗೆ ಹತ್ತಿಕೊಂಡು ನಿಂತ ಗಾಳಿಯ ತೆಳು ಪದರವಿರುತ್ತದೆ. ಅಣುಗಳು ಅದನ್ನು ದಾಟಿಯೇ ಒಳಬರಬೇಕು. ಗಾಳಿ ಜೋರಾದಷ್ಟೂ ಆ ಪದರ ಸವೆಯುತ್ತದೆ. ಮೆಲುಗಾಳಿಯನ್ನು ಬೋಗುಣಿಗಳು ತಡೆದುಕೊಳ್ಳುತ್ತವೆ. ಸೆಕೆಂಡಿಗೆ 4–5 ಮೀಟರ್ ದಾಟಿತೆಂದರೆ ಬಿಲ್ಲೆ ಹೀರುವ ವೇಗ ಏರುತ್ತದೆ. ಆಷಾಢದ ಗಾಳಿಗೆ ಕಡಲಂಚಿನಲ್ಲಿ ತೂಗಿದ್ದಕ್ಕೂ ಶಿರಸಿಯ ಅಡಿಕೆ ತೋಟದ ಮರೆಯಲ್ಲಿ ತೂಗಿದ್ದಕ್ಕೂ ಒಂದೇ ಅಂಕಿಯಿಂದ ಭಾಗಿಸಿದರೆ, ಕಾರವಾರದ ಗಾಳಿ ಇದ್ದುದಕ್ಕಿಂತ ಕೊಳಕಾಗಿ ಕಾಣುತ್ತದೆ.

ನೆಚ್ಚಬಹುದಾದ ದಾರಿಯೆಂದರೆ ಎಳೆದ ಗಾಳಿ ಎಷ್ಟೆಂದು ಅಳೆಯಬಲ್ಲ ಪಂಪಿನ ಸ್ಯಾಂಪ್ಲರನ್ನು ಪಕ್ಕದಲ್ಲೇ ಓಡಿಸುವುದು. ಹನ್ನೆರಡು ಬಿಲ್ಲೆಗಳನ್ನು ಒಂದೇ ದಿನ ತೂಗಿ, ವಾರಕ್ಕೆ ಎರಡರಂತೆ ಇಳಿಸಬೇಕು. ಮೂರನೇ ವಾರದ ಬಿಲ್ಲೆಯಲ್ಲಿ 252 ನ್ಯಾನೋಗ್ರಾಂ ಫಿನಾಂತ್ರೀನ್ (ಒಂದು ಪಿಎಎಚ್) ಸಿಕ್ಕಿತು, ಪಂಪಿನ ಸರಾಸರಿ ಘನಮೀಟರಿಗೆ 3 ನ್ಯಾನೋಗ್ರಾಂ ಎಂದಿಟ್ಟುಕೊಳ್ಳಿ. 252 ಭಾಗಿಸು 3, ಅಂದರೆ 84 ಘನಮೀಟರ್. 21 ದಿನಕ್ಕೆ ಹಂಚಿದರೆ ದಿನಕ್ಕೆ 4. ಎಲ್ಲ ವಾರಗಳ ಘನಮೀಟರುಗಳನ್ನೂ ದಿನಗಳ ಎದುರು ಗ್ರಾಫಿನಲ್ಲಿಟ್ಟು ನೋಡಿ: ಗೆರೆ ನೇರವಾಗಿರುವಷ್ಟು ದಿನ ಮಾತ್ರ ಲೆಕ್ಕ ಸರಿ. ನ್ಯಾಫ್ತಲೀನಿನಂಥ ಹಗುರ ವಸ್ತು ಬೇಗ ತುಂಬಿ ಗೆರೆ ಬಾಗುತ್ತದೆ. ಅದಕ್ಕೆ ಈ ಬಿಲ್ಲೆ ಸಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸತಲ್ಲವಾದ್ದರಿಂದ, ಪಂಪಿನ ಹರಿವನ್ನು ಗಂಟೆಯಿಂದ ಗುಣಿಸದೆ ಹಾದುಹೋದ ಗಾಳಿಯನ್ನು ಅಳೆಯುವ ಗ್ಯಾಸ್ ಮೀಟರಿನ ಅಂಕಿಯನ್ನೇ ಬರೆದುಕೊಳ್ಳಿ.

ಪಂಪ್ ಇಡಲಾಗದ ಕಡೆ ಇನ್ನೊಂದು ಉಪಾಯವಿದೆ. ಡ್ಯುಟೀರಿಯಂ (ಭಾರ ಹೈಡ್ರೋಜನ್) ಗುರುತಿನ ಲಿಂಡೇನ್ ಎಂಬ ಕೀಟನಾಶಕದಂಥ, ಊರ ಗಾಳಿಯಲ್ಲಿ ಇರಲಾರದ ವಸ್ತುವನ್ನು ಮೊದಲೇ ಬಿಲ್ಲೆಗೆ ಹನಿಸಿ ಕಳಿಸುವುದು. ಅಣುಗಳು ಒಳಬರುವ ಬಾಗಿಲಿನಿಂದಲೇ ಇದು ಹೊರಹೋಗುತ್ತದೆ. ಎಷ್ಟು ಉಳಿಯಿತು ಎಂಬುದರಿಂದ ಆ ಜಾಗದ ವೇಗ ತಿಳಿಯುತ್ತದೆ. ಐದನೇ ಒಂದು ಭಾಗಕ್ಕಿಂತ ಕಡಿಮೆ ಕಳೆದಿದ್ದರೆ ಅದನ್ನು ಲ್ಯಾಬಿನ ಏರುಪೇರಿನಿಂದ ಬೇರ್ಪಡಿಸಲಾಗದು. ಪೂರಾ ಕಳೆದಿದ್ದರೂ ಪ್ರಯೋಜನವಿಲ್ಲ. ಬಿಸಿಯಾದಷ್ಟೂ ಫೋಮಿನ ಹಿಡಿತ ಸಡಿಲವಾಗುವುದರಿಂದ, ಮೇ ತಿಂಗಳ ಲೆಕ್ಕಕ್ಕೆ ಆ ಹಿಡಿತದ 25 ಡಿಗ್ರಿಯ ಕೋಷ್ಟಕ ಬಳಸಬೇಡಿ.

ಪ್ರತಿ ಸುತ್ತಿಗೂ ಒಂದು ಬಿಲ್ಲೆಯನ್ನು ಜಾಗಕ್ಕೆ ಒಯ್ದು, ಒಂದು ನಿಮಿಷ ತೆರೆದಿಟ್ಟು, ಮುಚ್ಚಿ ತನ್ನಿ. ದಾರಿಯಲ್ಲಿ ಅಂಟಿದ್ದೆಷ್ಟೆಂದು ಅದೇ ಹೇಳುತ್ತದೆ. ಇಳಿಸುವ ಮೊದಲು ಬೋಗುಣಿಗಳ ನಡುವಿನ ಸಂದನ್ನೂ ನೋಡಿ: ಕಣಜ ಅಲ್ಲಿ ಮಣ್ಣಿನ ಗೂಡು ಕಟ್ಟಿದ್ದರೆ ಗಾಳಿಯ ದಾರಿಯೇ ಬದಲಾಗಿರುತ್ತದೆ. ಆ ಬಿಲ್ಲೆಯನ್ನು ಲೆಕ್ಕದಿಂದ ಬಿಡಿ.