ಉಪ್ಪಿನ ನೆಂಟ ಲಿಥಿಯಂ

ಡಿಪ್ರೆಶನ್ ಅಂತ ಹೋದವರಿಗೆ ಒಳ್ಳೆಯ ಮನೋವೈದ್ಯರು ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. "ಹಿಂದೆ ಯಾವಾಗಾದರೂ ಎರಡು ಮೂರು ಗಂಟೆ ಮಲಗಿದರೂ ಸುಸ್ತೇ ಆಗದೆ, ಸಿಕ್ಕಾಪಟ್ಟೆ ಚುರುಕಾಗಿ ಓಡಾಡಿಕೊಂಡಿದ್ದ ದಿನಗಳು ಇದ್ದವಾ?" ಹಾಸಿಗೆ ಬಿಟ್ಟು ಏಳೋಕೇ ಆಗ್ತಿಲ್ಲ ಅಂತ ಬಂದವರಿಗೆ ಇದೆಂಥ ಪ್ರಶ್ನೆ ಅನ್ನಿಸಬಹುದು. ಆದರೆ ಚಿಕಿತ್ಸೆಯ ದಾರಿ ಕವಲೊಡೆಯೋದು ಇಲ್ಲೇ.

ಬರೀ ಖಿನ್ನತೆಯಾದರೆ ಮನಸ್ಸು ಕುಸಿಯುತ್ತದೆ, ಅಷ್ಟೇ. ಬೈಪೋಲಾರ್ ಅನ್ನೋ ಕಾಯಿಲೆಯಲ್ಲಿ ಕುಸಿತದ ಜೊತೆ ಏರಿಕೆಯೂ ಇದೆ. ಕುಸಿದಿರುವಾಗ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಬೈಪೋಲಾರ್ ಇರುವವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರಲ್ಲಿ ಮನಸ್ಸು ಸರಕ್ಕನೆ ಇನ್ನೊಂದು ತುದಿಗೆ ಜಿಗಿದುಬಿಡುತ್ತದೆ.

ಆ ತುದಿಗೆ ಮೇನಿಯಾ ಅಂತಾರೆ, ಕನ್ನಡದಲ್ಲಿ ಉನ್ಮಾದ. ಶುರುವಿನಲ್ಲಿ ಅದು ಖುಷಿ ಥರಾನೇ ಕಾಣುತ್ತದೆ, ಮೋಸ ಹೋಗೋದು ಅಲ್ಲೇ. ತಿಂಗಳುಗಟ್ಟಲೆ ಮೂಲೆ ಹಿಡಿದಿದ್ದ ಹುಡುಗ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಮನೆಯೆಲ್ಲ ಗುಡಿಸಿ, ಹಳೇ ಸ್ನೇಹಿತರಿಗೆಲ್ಲ ಫೋನ್ ಮಾಡಿ, ಹೊಸ ಬಿಸಿನೆಸ್ ಪ್ಲಾನ್ ಹೇಳೋಕೆ ಶುರು ಮಾಡಿದರೆ ಮನೆಯವರು "ಸದ್ಯ, ಸರಿಹೋದ" ಅಂತ ದೇವರಿಗೆ ಕೈಮುಗಿಯುತ್ತಾರೆ. ವಾರ ಕಳೆಯುವಷ್ಟರಲ್ಲಿ ಮಾತು ನಿಲ್ಲಿಸೋಕಾಗಲ್ಲ, ಅಡ್ಡ ಬಂದವರ ಮೇಲೆ ಸಿಟ್ಟು, ಸಾಲ ಮಾಡಿ ಸೈಟಿಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ. ಇದಕ್ಕಿಂತ ಹಗುರವಾದ ಏರಿಕೆಯೂ ಉಂಟು, ಹೈಪೋಮೇನಿಯಾ. ಡಾಕ್ಟರುಗಳ ಲೆಕ್ಕದಲ್ಲಿ ಅದಕ್ಕೆ ನಾಲ್ಕು ದಿನ ಸಾಕು. ಅದನ್ನಂತೂ ಯಾರೂ ಕಾಯಿಲೆ ಅಂದುಕೊಳ್ಳೋದೇ ಇಲ್ಲ.

ಈ ಏರಿಳಿತಕ್ಕೆ ಇವತ್ತಿಗೂ ಕೊಡುವ ಮುಖ್ಯ ಔಷಧಿಗಳಲ್ಲಿ ಒಂದು ಲಿಥಿಯಂ. ಹೆಸರು ಕೇಳಿದ ತಕ್ಷಣ ಜನ ಮೊಬೈಲ್ ಬ್ಯಾಟರಿ ನೆನೆಸಿಕೊಂಡು ಹೆದರುತ್ತಾರೆ. ಮಾತ್ರೆಯಲ್ಲಿರೋದು ಸಾಮಾನ್ಯವಾಗಿ ಲಿಥಿಯಂ ಕಾರ್ಬೊನೇಟ್ ಅನ್ನೋ ಲವಣ. ಅಡುಗೆ ಉಪ್ಪಿನಲ್ಲಿರೋ ಸೋಡಿಯಂಗೂ ಲಿಥಿಯಂಗೂ ಹತ್ತಿರದ ನೆಂಟಸ್ತಿಕೆ.

ಮೇನಿಯಾಗೆ ಇದು ಕೆಲಸ ಮಾಡುತ್ತದೆ ಅಂತ 1949ರಲ್ಲಿ ಬರೆದು ಜಗತ್ತಿನ ಗಮನ ಸೆಳೆದವರು ಆಸ್ಟ್ರೇಲಿಯಾದ ಜಾನ್ ಕೇಡ್. ಎರಡನೇ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿಯಲ್ಲಿ ಜಪಾನಿಗಳ ಸೆರೆಯಲ್ಲಿ ಮೂರೂವರೆ ವರ್ಷ ಕಳೆದು ಬಂದ ಡಾಕ್ಟರು. ಮೆಲ್ಬರ್ನ್ ಹತ್ತಿರದ ಬಂಡೂರಾ ಆಸ್ಪತ್ರೆಯಲ್ಲಿ, ಯಾರೂ ಬಳಸದ ಒಂದು ಉಗ್ರಾಣದ ಕೋಣೆಯೇ ಅವರ ಲ್ಯಾಬ್. ಮೇನಿಯಾ ರೋಗಿಗಳ ಮೂತ್ರದಲ್ಲಿ ಏನೋ ವಿಷ ಇರಬೇಕು ಅಂತ ಅನುಮಾನಪಟ್ಟು ಅದನ್ನು ಗಿನಿಪಿಗ್‌ಗಳಿಗೆ ಚುಚ್ಚಿ ನೋಡುತ್ತಿದ್ದರು. (ಮೂತ್ರದ ಬಾಟಲಿಗಳು ಮನೆಯ ಫ್ರಿಜ್ಜಿನಲ್ಲೇ ಇರುತ್ತಿದ್ದವಂತೆ. ಅವರ ಹೆಂಡತಿಯ ತಾಳ್ಮೆ ದೊಡ್ಡದು.) ಮೂತ್ರದಲ್ಲಿರೋ ಯೂರಿಕ್ ಆಮ್ಲವನ್ನೂ ಚುಚ್ಚಿ ನೋಡೋಣ ಅಂದರೆ ಅದು ನೀರಿನಲ್ಲಿ ಸರಿಯಾಗಿ ಕರಗಲ್ಲ, ಅದಕ್ಕೇ ಅದರ ಲಿಥಿಯಂ ಲವಣ ತಗೊಂಡರು. ಚುಚ್ಚಿದರೆ ಪ್ರಾಣಿಗಳು ತೆಪ್ಪಗೆ ಬಿದ್ದುಕೊಂಡವು. ಡೋಸು ಜಾಸ್ತಿಯಾಗಿ ಮಂಕಾಗಿದ್ದಿರಬೇಕು ಅಂತ ಆಮೇಲೆ ಹಲವರು ಹೇಳಿದ್ದಾರೆ. ಊಹೆ ತಪ್ಪು, ಬಹುಶಃ ಅರ್ಥ ಮಾಡಿಕೊಂಡಿದ್ದೂ ತಪ್ಪು, ಸಿಕ್ಕಿದ ಔಷಧಿ ಮಾತ್ರ ಸರಿ!

ಕೇಡ್ ಮೊದಲು ತಾವೇ ನುಂಗಿ ನೋಡಿದರು. ಆಮೇಲೆ 1948ರಲ್ಲಿ, ಐದು ವರ್ಷದಿಂದ ಮೇನಿಯಾದಲ್ಲೇ ಇದ್ದ ಐವತ್ತು ದಾಟಿದ ಒಬ್ಬರಿಗೆ ಕೊಟ್ಟರು. ಅವರು ಶಾಂತರಾದರು, ಕೆಲವು ತಿಂಗಳಲ್ಲಿ ಮನೆಗೆ ಹೋದರು, ಹಳೇ ಕೆಲಸಕ್ಕೂ ಸೇರಿದರು. ಅಲ್ಲಿ ಮಾತ್ರೆ ಬಿಟ್ಟರು. ಕಾಯಿಲೆ ತಿರುಗಿ ಬಂತು, ಮತ್ತೆ ಆಸ್ಪತ್ರೆ, ಮತ್ತೆ ಲಿಥಿಯಂ. 1950ರಲ್ಲಿ ಅದೇ ಲಿಥಿಯಂ ನಂಜಾಗಿ ತೀರಿಕೊಂಡರು. ಅಮೆರಿಕದಲ್ಲಂತೂ ಹೃದ್ರೋಗಿಗಳು ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಬಳಸಿ ಕೆಲವರು ಸತ್ತಿದ್ದರು, ಹಾಗಾಗಿ ಔಷಧಿಯಾಗಿ ಒಪ್ಪಿಗೆ ಸಿಗೋಕೆ ಅಲ್ಲಿ 1970 ಆಗಬೇಕಾಯಿತು.

ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ಅಳೆಯೋದು ರೂಢಿಗೆ ಬಂದಮೇಲೆ ಇದು ನೆಮ್ಮದಿಯಿಂದ ಕೊಡಬಹುದಾದ ಔಷಧಿಯಾಯಿತು. ಈಗ ರಿಪೋರ್ಟಿನಲ್ಲಿ ಹೆಚ್ಚಾಗಿ ಲೀಟರಿಗೆ 0.6ರಿಂದ 1 ಮಿಲಿಮೋಲ್ ಒಳಗೆ ಇರೋ ಹಾಗೆ ನೋಡಿಕೊಳ್ಳುತ್ತಾರೆ. 1.5 ದಾಟಿದರೆ ಅಪಾಯ ಶುರು. ಇಷ್ಟು ಕಿರಿದಾದ ಜಾಗದಲ್ಲಿ ನಿಲ್ಲಿಸಬೇಕು ಅಂತಲೇ ಹಿಂದಿನ ಮಾತ್ರೆ ನುಂಗಿ 12 ಗಂಟೆ ಕಳೆದಮೇಲೆ ರಕ್ತ ಕೊಡಿ ಅನ್ನೋದು, ಸುಮ್ನೆ ಅಲ್ಲ.

ಇಲ್ಲಿ ನಮ್ಮ ಮನೆಗಳ ಅಭ್ಯಾಸ ಆಟಕ್ಕೆ ಬರುತ್ತದೆ. ಮೈಯಲ್ಲಿ ಉಪ್ಪು, ನೀರು ಕಮ್ಮಿಯಾದಾಗ ಕಿಡ್ನಿ ಸೋಡಿಯಂ ಅನ್ನು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಲಿಥಿಯಂ ಅನ್ನೂ ಅದರ ಜೊತೆಗೇ ಒಳಗೆ ಎಳೆದುಕೊಳ್ಳುತ್ತದೆ. ಅಂದರೆ ಮಾತ್ರೆ ಅಷ್ಟೇ ನುಂಗಿದರೂ ರಕ್ತದಲ್ಲಿ ಲಿಥಿಯಂ ಏರುತ್ತದೆ. ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲಿನಲ್ಲಿ ದುಡಿದು ಬೆವರಿಳಿಸಿದರೂ ಅಷ್ಟೇ, ವಾಂತಿ ಭೇದಿಯಾದರೂ ಅಷ್ಟೇ, ನಿರ್ಜಲ ಏಕಾದಶಿ ಮಾಡಿದರೂ ಅಷ್ಟೇ, ಬಿಪಿ ಇದೆ ಅಂತ ಯಾರೋ ಹೇಳಿದ್ದಕ್ಕೆ ಉಪ್ಪನ್ನು ದಿಢೀರ್ ಬಿಟ್ಟರೂ ಅಷ್ಟೇ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತರುವ ಐಬುಪ್ರೊಫೆನ್, ಡೈಕ್ಲೋಫೆನ್ಯಾಕ್ ಕೂಡ ಇದೇ ಕೆಲಸ ಮಾಡಬಲ್ಲವು. ಕೈ ಜೋರಾಗಿ ನಡುಗೋದು, ನಡಿಗೆ ತೂರಾಡೋದು, ಮಾತು ತೊದಲೋದು, ಜೊತೆಗೆ ವಾಂತಿ ಕಂಡರೆ ನಾಳೆ ನೋಡೋಣ ಅನ್ನದೆ ಆಸ್ಪತ್ರೆಗೆ ಓಡಬೇಕು. ವರ್ಷಗಟ್ಟಲೆ ತಗೊಳ್ಳುವವರು ಆಗಾಗ ಥೈರಾಯ್ಡ್, ಕಿಡ್ನಿ ಪರೀಕ್ಷೆಯನ್ನೂ ಮಾಡಿಸಬೇಕಾಗುತ್ತದೆ.

ಇಷ್ಟೆಲ್ಲ ರಗಳೆ ಇದ್ದರೂ ಯಾಕೆ ಕೊಡುತ್ತಾರೆ? ಬೈಪೋಲಾರ್ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ತಗ್ಗಿಸುತ್ತದೆ ಅನ್ನೋದಕ್ಕೆ ಇದರ ಕಡೆ ಇರುವಷ್ಟು ಪುರಾವೆ ಬೇರೆ ಔಷಧಿಗಳ ಕಡೆ ಇಲ್ಲ. ಒಂದೇಸಲ ನಿಲ್ಲಿಸಿದರೆ ಮೇನಿಯಾ ಬೇಗ ಮರಳುವ ಸಾಧ್ಯತೆ ಜಾಸ್ತಿ. ಆದರೂ ಜನ ಬಿಡುತ್ತಾರೆ. ಅಡ್ಡ ಪರಿಣಾಮಕ್ಕೆ ಬೇಸತ್ತು ಬಿಡುವವರಿದ್ದಾರೆ, ಆ ಏರಿಕೆಯ ದಿನಗಳ ಜೋಶ್ ಬೇಕು ಅನ್ನಿಸಿ ಬಿಡುವವರೂ ಇದ್ದಾರೆ, ಅದನ್ನು ಬೈದು ಪ್ರಯೋಜನವಿಲ್ಲ. ಅವರು ಕಳೆದುಕೊಂಡಿದ್ದು ನಿಜಕ್ಕೂ ಹಿತವಾದ ಅನುಭವ, ಕನಿಷ್ಠ ಮೊದಲ ನಾಲ್ಕು ದಿನ.

ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, 14416ಕ್ಕೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಮಾತ್ರ ಅಮ್ಮನೋ ಅಣ್ಣನೋ ಜೊತೆಗಿರಲಿ. ನಿದ್ದೆ ಇಲ್ಲದೆ ಚುರುಕಾಗಿದ್ದ ದಿನಗಳ ಪ್ರಶ್ನೆಗೆ ಹುಡುಗ ಸಲೀಸಾಗಿ "ಇಲ್ಲ ಸಾರ್" ಅಂದುಬಿಡುತ್ತಾನೆ. ಸೈಟಿಗೆ ಅಡ್ವಾನ್ಸ್ ಕೊಟ್ಟ ವಾರ ನೆನಪಿರೋದು ಅಮ್ಮನಿಗೆ.